ಚಾಮರಾಜಪೇಟೆಯ ದತ್ತುಮಗ, ಕಟ್ಟೆಯ ನಾಗರಕಲ್ಲು

ಚಾಮರಾಜಪೇಟೆಯಲ್ಲಿ ದಿನಾ ಓಡಾಡೋ ಎಷ್ಟು ಜನಕ್ಕೆ ಗೊತ್ತೋ ಇಲ್ವೋ, ಆ ಹೆಸರು ಒಬ್ಬ ದತ್ತುಮಗನದು. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟಕ್ಕೆ ಬರುವ ಮಗ ಇರಲಿಲ್ಲ. 1865ರಲ್ಲಿ ಎರಡು ವರ್ಷದ ಚಾಮರಾಜೇಂದ್ರರನ್ನು ದತ್ತು ತಗೊಂಡರು. ಮೊದಲು ತಕರಾರು ತೆಗೆದ ಬ್ರಿಟಿಷರು 1867ರಲ್ಲಿ ಒಪ್ಪಿದರು. 1881ರಲ್ಲಿ ಅದೇ ಹುಡುಗನ ಕೈಗೆ ರಾಜ್ಯ ವಾಪಸ್ ಬಂತು. 1892ರಲ್ಲಿ ಆದ ಬಡಾವಣೆಗೆ ಅವರದೇ ಹೆಸರಿಟ್ಟರು.

ಅರಮನೆಯ ಕೊರತೆಗೆ ಹೀಗೊಂದು ದಾರಿ ಇತ್ತು. ಕಾರಣವೂ ಸಿದ್ಧವಾಗಿತ್ತು: ಅಲಮೇಲಮ್ಮನ ಶಾಪ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಗೆದ್ದ ಮೇಲೆ, ಒಡವೆಗಾಗಿ ಬೆನ್ನಟ್ಟಿ ಬಂದ ಸೈನಿಕರಿಂದ ತಪ್ಪಿಸಿಕೊಂಡು ಆಕೆ ಕಾವೇರಿಗೆ ಹಾರಿದಳು, ಹಾರುವ ಮುಂಚೆ ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ ಅಂದಳು ಅನ್ನೋದು ಕಥೆ. ಗಮನಿಸಿ, ರಾಜನಿಗೆ ಮಕ್ಕಳಿಲ್ಲದಿದ್ದರೂ ಹೊಣೆ ಹೊತ್ತವಳು ಒಬ್ಬ ಹೆಂಗಸೇ.

ಇದು ನಮ್ಮ ದೇಶದ ಚಾಳಿ ಮಾತ್ರ ಅಲ್ಲ. ವಾರಸುದಾರ ಹುಟ್ಟಲಿಲ್ಲ ಅಂತ ನೆಪೋಲಿಯನ್ 1809ರಲ್ಲಿ ಜೋಸೆಫಿನ್‌ಳನ್ನು ಬಿಟ್ಟ. ಮೊದಲ ಮದುವೆಯಿಂದ ಆಕೆಗೆ ಇಬ್ಬರು ಮಕ್ಕಳಿದ್ದರೂ!

ರಾಣಿಯಲ್ಲದ ಹೆಂಗಸರ ಕಥೆ ಯಾವ ದಫ್ತರದಲ್ಲೂ ಇಲ್ಲ. ಅದನ್ನ ಹುಡುಕಬೇಕಾದರೆ ಬಸವನಗುಡಿ, ಮಲ್ಲೇಶ್ವರದ ಅಶ್ವತ್ಥಕಟ್ಟೆಗಳ ಹತ್ತಿರ ಹೋಗಬೇಕು. ಅಲ್ಲಿ ಅರಿಶಿನ ಕುಂಕುಮ ಮೆತ್ತಿದ ನಾಗರಕಲ್ಲುಗಳಿವೆ. ಹರಕೆ ಹೊತ್ತವರು ಕಲ್ಲು ಕಡೆಸಿ, ಕೆಲವು ಕಾಲ ನೀರಲ್ಲಿಟ್ಟು, ಆಮೇಲೆ ಪ್ರತಿಷ್ಠೆ ಮಾಡಿಸೋದು ಪದ್ಧತಿ. ಎಲ್ಲವೂ ಮಕ್ಕಳಿಗಾಗಿ ಇಟ್ಟವಲ್ಲ, ಆದರೆ ಆ ಹರಕೆಯವು ಬಹಳ. ಸೋಮವಾರದ ಅಮಾವಾಸ್ಯೆಗೆ 108 ಪ್ರದಕ್ಷಿಣೆ ಹಾಕೋರೂ ಹೆಂಗಸರೇ. ಕಲ್ಲಿನ ಮೇಲೆ ಸಾಮಾನ್ಯವಾಗಿ ಹೆಸರಿರಲ್ಲ. ಆದರೆ ಮನೆಯಲ್ಲಿ ಆಡಲಾಗದ ಸಂಕಟವನ್ನ ಹೇಳಿಕೊಳ್ಳೋಕೆ, ಯಾರೂ 'ಯಾಕೆ ಬಂದೆ' ಅಂತ ಕೇಳದ ಜಾಗ ಅದೊಂದೇ ಆಗಿತ್ತೇನೋ.

ನಮ್ಮೂರಲ್ಲಿ ಸೀಮಂತಕ್ಕೆ, ತೊಟ್ಟಿಲ ಶಾಸ್ತ್ರಕ್ಕೆ ಮಕ್ಕಳಿಲ್ಲದ ಹೆಂಗಸರು ತಾವಾಗೇ ಹಿಂದೆ ನಿಲ್ತಿದ್ದರು. ಯಾರೂ ಹೋಗು ಅಂತಿರಲಿಲ್ಲ. ಆರತಿ ತಟ್ಟೆ ಅವರ ಕೈಗೆ ಬರ್ತಿರಲಿಲ್ಲ, ಅಷ್ಟೆ. ಅದೇ ಹೊತ್ತಿಗೆ ಅವರ ಗಂಡಂದಿರು ಚಪ್ಪರದಡಿ ಎಲೆಅಡಿಕೆ ಹಾಕ್ಕೊಂಡು ನಗ್ತಾ ಕೂತಿರೋರು. 'ಬಂಜೆ' ಅನ್ನೋ ಪದಕ್ಕೆ ನಮ್ಮ ಆಡುಮಾತಲ್ಲಿ ಗಂಡಸಿನ ಜೋಡಿ ಪದವೇ ಇಲ್ಲ.

ವಿಜ್ಞಾನ ಈ ಲೆಕ್ಕ ಬದಲಿಸಿ ಬಹಳ ಕಾಲ ಆಯ್ತು. ಕಾರಣ ಗಂಡಸಿನಲ್ಲೂ ಇರಬಹುದು, ಹೆಂಗಸಿನಲ್ಲೂ, ಇಬ್ಬರಲ್ಲೂ. ಜಗತ್ತಿನಲ್ಲಿ 6 ಜನರಲ್ಲಿ ಒಬ್ಬರಿಗೆ ಜೀವನದಲ್ಲಿ ಒಮ್ಮೆಯಾದರೂ ಈ ತೊಂದರೆ ಆಗುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಅಂದರೆ ನಿಮ್ಮ ಆಫೀಸಿನ ಊಟದ ಟೇಬಲ್‌ನಲ್ಲೂ ಒಬ್ಬರಿರಬಹುದು.

ಮಾಗಡಿ ತಾಲ್ಲೂಕಿನ ಹುಲಿಕಲ್‌ನಲ್ಲಿ ಸಾಲುಮರದ ತಿಮ್ಮಕ್ಕ ಕುದೂರಿನ ದಾರಿಯುದ್ದಕ್ಕೂ ಆಲದ ಸಸಿ ನೆಟ್ಟು ಮಕ್ಕಳಂತೆ ಸಾಕಿದರು. 2019ರಲ್ಲಿ ಪದ್ಮಶ್ರೀ ಬಂತು. ನಾವು ಮರಗಳನ್ನ ಎಣಿಸ್ತೀವಿ. ನನಗೆ ಹೆಚ್ಚು ಮುಖ್ಯ ಅನಿಸೋದು, ಗಂಡ ಚಿಕ್ಕಯ್ಯನೂ ಜೊತೆಯಲ್ಲಿ ನೀರು ಹೊತ್ತದ್ದು. ಆ ಮನೆಯಲ್ಲಿ ಕೊರಗು ಒಬ್ಬಳದೇ ಆಗಿ ಉಳಿಯಲಿಲ್ಲ. ಹಾಗಂತ ಮಕ್ಕಳಿಲ್ಲದವರೆಲ್ಲ ತಿಮ್ಮಕ್ಕ ಆಗಬೇಕಿಲ್ಲ, ಏನನ್ನೂ ಸಾಧಿಸಿ ತೋರಿಸಬೇಕಿಲ್ಲ.

ದತ್ತುಮಗನ ಹೆಸರನ್ನ ಇಡೀ ಪೇಟೆಗೆ ಇಟ್ಟ ಊರು ಇದು. ಇಲ್ಲೇ ಇವತ್ತಿಗೂ ಮದುವೆಯಾಗಿ ಎರಡು ವರ್ಷ ಆದವಳನ್ನ 'ಏನಮ್ಮಾ, ಏನಾದ್ರೂ ವಿಶೇಷ?' ಅಂತ ಕೇಳ್ತಾರೆ. ಪಕ್ಕದಲ್ಲೇ ನಿಂತ ಗಂಡನನ್ನ ಕೇಳಲ್ಲ. ಅವನನ್ನೂ ಕೇಳಿ ಅಂತ ನಾನು ಹೇಳ್ತಿಲ್ಲ. ಇಬ್ಬರನ್ನೂ ಕೇಳೋದು ಬಿಡೋಣ.