ಬೀಗದ ಈಚೆಯವರು

ಸೆರೆಮನೆ ಎಂದೊಡನೆ ಶಿವಮೊಗ್ಗ ಜಿಲ್ಲೆಯವರಾದ ನಮಗೆ ಈಸೂರು ನೆನಪಾಗುತ್ತದೆ. 1943ರ ಮಾರ್ಚ್ ತಿಂಗಳಲ್ಲಿ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೇರಿದ ಆ ಐವರ ಕಥೆಯನ್ನು ಮಕ್ಕಳಿಗೂ ಹೇಳುತ್ತೇವೆ, ಹೇಳಲೇಬೇಕು. ಆದರೆ ಸೆರೆಮನೆಯ ಬಾಗಿಲ ಹೊರಗೆ ಬೀಗದಕೈ ಗೊಂಚಲು ಹಿಡಿದು ರಾತ್ರಿಯೆಲ್ಲ ಎಚ್ಚರವಿರುವವನೂ ಹೊಟ್ಟೆಪಾಡಿಗೆ ದುಡಿಯುವ ಸಂಬಳಗಾರನಲ್ಲವೆ? ಅವನ ಚರಿತ್ರೆಯನ್ನು ಅರಸಿದರೆ ಸಿಕ್ಕುವುದು ಹೆಚ್ಚಾಗಿ ಕಾಯಿದೆಯ ಪುಟಗಳಲ್ಲಿ.

ಬ್ರಿಟಿಷ್ ಇಂಡಿಯದ 1894ರ ಬಂದೀಖಾನೆ ಕಾಯಿದೆಯನ್ನು ನೋಡಿರಿ. ಮೇಲಧಿಕಾರಿಯ ಲಿಖಿತ ಅನುಮತಿಯಿಲ್ಲದೆ ಜೈಲರನು ಒಂದು ರಾತ್ರಿಯೂ ಸೆರೆಮನೆ ಬಿಟ್ಟಿರುವಂತಿಲ್ಲ. ಅವನಾಗಲಿ ಅವನ ಕೈಕೆಳಗಿನವರಾಗಲಿ ಎರಡು ತಿಂಗಳ ಮುಂಚಿತ ನೋಟೀಸು ಕೊಡದೆ ಕೆಲಸ ತೊರೆದರೆ, ಬೇಕೆಂದೇ ರಜೆ ಮೀರಿದರೆ, ಹೇಡಿತನ ತೋರಿದರೆ, 200 ರೂಪಾಯಿವರೆಗೆ ದಂಡ, ಇಲ್ಲವೆ ಮೂರು ತಿಂಗಳವರೆಗೆ ಸಜೆ, ಇಲ್ಲವೆ ಎರಡೂ. ಕಾವಲಿನವನೇ ಒಳಗೆ! ಅತ್ತ, ಕೈದಿಯೊಬ್ಬನನ್ನು ಜೈಲಿನ ಕೆಲಸಕ್ಕೆ ಅಧಿಕಾರಿಯಾಗಿ ನೇಮಿಸಿಕೊಂಡರೆ ಅವನನ್ನು ಸರಕಾರಿ ನೌಕರನೆಂದು ಭಾವಿಸಬೇಕೆಂದು ಅದೇ ಕಾಯಿದೆ ಹೇಳಿತು.

ಶಂಕರಘಟ್ಟದಲ್ಲಿ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೊರಟವರಿಗೆ ನಡುವೆ ಭದ್ರಾವತಿ ಸಿಗುತ್ತದೆ. ಅಲ್ಲಿ 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿತು. 1947ರ ಕೈಗಾರಿಕಾ ವಿವಾದ ಕಾಯಿದೆ ಈ ಸೀಮೆಗೂ ಅನ್ವಯವಾದ ಮೇಲೆ ಕುಲುಮೆಯ ಕೆಲಸಗಾರರ ಕೂಲಿಯ ತಕರಾರು ರಾಜಿಯ ಮೇಜಿಗೆ, ಅಲ್ಲಿಂದ ನ್ಯಾಯಮಂಡಳಿಗೆ ಹೋಗಲು ದಾರಿಯಾಯಿತು. ಸೆರೆಮನೆಯ ವಾರ್ಡರನಿಗೆ? ಮೂಲ ಕಾಯಿದೆಯು 'ಕೆಲಸಗಾರ' ಎಂಬ ಪದದ ಅರ್ಥದಿಂದ ಹೊರಗಿಟ್ಟದ್ದು ಭೂಸೇನೆ, ನೌಕಾಸೇನೆ, ವಾಯುಸೇನೆಯವರನ್ನು. 1956ರ ತಿದ್ದುಪಡಿ ಆ ಸಾಲಿಗೆ ಪೋಲೀಸಿನವರನ್ನೂ, ಸೆರೆಮನೆಯ ಅಧಿಕಾರಿ ಮತ್ತು ನೌಕರರನ್ನೂ ಸೇರಿಸಿತು. ನಾನು ವ್ಯಾಕರಣ ಕಲಿಸಿ ಬದುಕಿದವನು; ಒಂದು ಪದದ ಅರ್ಥವ್ಯಾಪ್ತಿಯನ್ನು ಇಷ್ಟು ಕಿರಿದು ಮಾಡಿದರೆ ಎಷ್ಟು ಮನೆಗಳಿಗೆ ತಟ್ಟುತ್ತದೆಂಬುದು ಆ ಒಂದು ವಾಕ್ಯದಿಂದ ತಿಳಿಯಿತು.

ಕಾರಣವಿಲ್ಲವೆಂದಲ್ಲ. ಗಿರಣಿ ನಿಂತರೆ ನೂಲು ನಿಲ್ಲುತ್ತದೆ. ಕಾವಲು ನಿಂತರೆ ಕೈದಿಗೆ ಅನ್ನನೀರೂ ನಿಲ್ಲುತ್ತದೆ. ಇಂಗ್ಲೆಂಡಿನಲ್ಲೂ 1919ರ ಪೋಲೀಸು ಮುಷ್ಕರಕ್ಕೆ ಕೈಜೋಡಿಸಿದ ಲಂಡನ್ನಿನ ವರ್ಮ್‌ವುಡ್ ಸ್ಕ್ರಬ್ಸ್ ಸೆರೆಮನೆಯ ಕಾವಲಿನವರು ಕೆಲಸ ಕಳೆದುಕೊಂಡರು. ಆದರೆ 1939ರಲ್ಲಿ ಅಲ್ಲಿನ ಸೆರೆಮನೆ ನೌಕರರಿಗೆ ತಮ್ಮದೇ ಸಂಘವೊಂದು ದೊರೆಯಿತು. ಮುಷ್ಕರ ಬೇಡವೆನ್ನುವುದು ಒಂದು ಮಾತು, ಅಹವಾಲು ಹೇಳುವ ಬಾಗಿಲನ್ನೇ ಮುಚ್ಚುವುದು ಇನ್ನೊಂದು.

ನಮ್ಮಲ್ಲಿ 1980ರಲ್ಲಿ ನೇಮಕವಾದ ನ್ಯಾಯಮೂರ್ತಿ ಮುಲ್ಲಾ ಸಮಿತಿ, 1983ರ ವರದಿಯಲ್ಲಿ ಕೈದಿಗಳ ಜೊತೆಗೆ ಸಿಬ್ಬಂದಿಯ ಸ್ಥಿತಿಯನ್ನೂ ವಿಚಾರಿಸಿ, ಸೆರೆಮನೆಗೆಂದೇ ಅಖಿಲ ಭಾರತ ಸೇವೆಯೊಂದು ಬೇಕೆಂದಿತು. ಅದು ಆಗಲಿಲ್ಲ. 1986ರಿಂದ ಕರ್ನಾಟಕದ ಸರಕಾರಿ ನೌಕರರು ಸೇವಾ ತಕರಾರುಗಳನ್ನು ರಾಜ್ಯ ಆಡಳಿತ ನ್ಯಾಯಮಂಡಳಿಗೆ ಒಯ್ಯಬಹುದಾಯಿತು. ವಾರ್ಡರನೂ ಅಲ್ಲಿಗೆ ಹೋಗಬಹುದು, ಬಡ್ತಿ, ಅಮಾನತುಗಳಿಗಾಗಿ. 1947ರ ಕಾಯಿದೆಯ ಸ್ಥಾನಕ್ಕೆ 2020ರ ಕೈಗಾರಿಕಾ ಸಂಬಂಧ ಸಂಹಿತೆ ಬಂದು, 2025ರ ನವೆಂಬರ್ 21ರಂದು ಜಾರಿಯಾಯಿತು. 'ಕೆಲಸಗಾರ' ಪದದ ವಿವರಣೆಯಲ್ಲಿ ಸೆರೆಮನೆಯವರನ್ನು ಹೊರಗಿಟ್ಟ ಆ ಮಾತು ಅದರಲ್ಲೂ ಹಾಗೆಯೇ ಉಳಿದಿದೆ.