ಮಿಡಿ ಗಿಟಾರ್ ನಿಯಂತ್ರಕ: ವಿದ್ಯುತ್ ಪೂರೈಕೆ ಮತ್ತು ಪ್ರೋಗ್ರಾಮಿಂಗ್

ಮಿಡಿ ಗಿಟಾರ್ ನಿಯಂತ್ರಕವು ವಾದಕನ ಬೆರಳಾಟವನ್ನು ಮಿಡಿ ಸಂದೇಶಗಳಾಗಿ ಮಾರ್ಪಡಿಸಿ ಸಿಂಥಸೈಜರಿಗೋ ಕಂಪ್ಯೂಟರಿಗೋ ಕಳುಹಿಸುವ ಸಾಧನ. ನಾದ ಹುಟ್ಟುವುದು ಸಿಂಥಸೈಜರಿನಲ್ಲಿ. ಯಾವ ಸ್ವರ, ಎಷ್ಟು ಜೋರು, ಯಾವಾಗ ಶುರು, ಯಾವಾಗ ನಿಲುಗಡೆ ಎಂಬುದನ್ನಷ್ಟೇ ನಿಯಂತ್ರಕ ತಿಳಿಸುತ್ತದೆ. 1983ರಲ್ಲಿ ಬಳಕೆಗೆ ಬಂದ ಮಿಡಿ ಕ್ರಮವನ್ನು ಮುಖ್ಯವಾಗಿ ಕೀಬೋರ್ಡಿಗೆ ಹೊಂದುವಂತೆ ರೂಪಿಸಲಾಗಿತ್ತು. ತಂತಿವಾದ್ಯದ ಜಾರು, ಎಳೆತಗಳು ಅದಕ್ಕೆ ಸುಲಭವಾಗಿ ಒಗ್ಗುವುದಿಲ್ಲ.

ವಿಧಗಳು: ಒಂದು ಬಗೆಯಲ್ಲಿ ಸಾಮಾನ್ಯ ಗಿಟಾರಿಗೇ ಪ್ರತಿ ತಂತಿಗೂ ಬೇರೆ ಬೇರೆ ಸಂಕೇತ ಕೊಡುವ ಪಿಕಪ್ ಕೂರಿಸಿ, ಕಂಪನವನ್ನು ಅಳೆದು ಸ್ವರವನ್ನು ಗುರುತಿಸಲಾಗುತ್ತದೆ. ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಬಾರಿ ಕಂಪಿಸುವುದರಿಂದ ಒಂದು ಆವರ್ತಕ್ಕೇ 12 ಮಿಲಿಸೆಕೆಂಡ್ ಬೇಕು. ತೆಳು ತಂತಿಗೆ 3 ಮಿಲಿಸೆಕೆಂಡ್ ಸಾಕು. ಮಂದ್ರದ ಸ್ವರಗಳು ತುಸು ತಡವಾಗಿ ಕೇಳುವುದು ಈ ಕಾರಣಕ್ಕೆ. ಇನ್ನೊಂದು ಬಗೆಯಲ್ಲಿ ಫ್ರೆಟ್‌ಗಳಲ್ಲಿರುವ ಸ್ಪರ್ಶಸಂವೇದಕಗಳು ಬೆರಳಿನ ಜಾಗವನ್ನು ನೇರವಾಗಿ ತಿಳಿಸುವುದರಿಂದ ಈ ವಿಳಂಬವಿರುವುದಿಲ್ಲ.

ವಿದ್ಯುತ್ ಪೂರೈಕೆ: ಐದು ಪಿನ್ನಿನ ಮಿಡಿ ಕೇಬಲ್ಲಿನಲ್ಲಿ ಹರಿಯುವುದು ಸುಮಾರು 5 ಮಿಲಿಆಂಪಿಯರ್ ಸಂಕೇತಪ್ರವಾಹ ಮಾತ್ರ. ಅದರಿಂದ ಉಪಕರಣ ನಡೆಯದು. ಯುಎಸ್‌ಬಿ ಮಾದರಿಗಳು ಕಂಪ್ಯೂಟರಿನಿಂದ 5 ವೋಲ್ಟ್ ಪಡೆಯುತ್ತವೆ. ವೈರ್‌ಲೆಸ್ ಮಾದರಿಗಳಿಗೆ ಬ್ಯಾಟರಿ ಬೇಕು. ರೋಲ್ಯಾಂಡ್ ಕಂಪನಿಯ 13 ಪಿನ್ ಕೇಬಲ್ಲಿನಲ್ಲಿ ಆರು ತಂತಿಗಳ ಸಂಕೇತಗಳ ಜೊತೆಗೆ, ಪಿಕಪ್ಪಿಗೆ ಬೇಕಾದ ಧನ ಮತ್ತು ಋಣ 7 ವೋಲ್ಟ್ ಕೂಡ ಸಿಂಥಸೈಜರ್ ಕಡೆಯಿಂದಲೇ ಬರುತ್ತದೆ. ಅಡಾಪ್ಟರ್ ಬಳಸುವಾಗ ವೋಲ್ಟೇಜ್, ಆಂಪಿಯರ್ ಜೊತೆಗೆ ಪ್ಲಗ್ಗಿನ ಧ್ರುವತೆಯನ್ನೂ ನೋಡಬೇಕು. ಗಿಟಾರ್ ಪೆಡಲ್‌ಗಳಲ್ಲಿ ನಡುವಿನ ತುದಿ ಋಣವಾಗಿರುವುದು ರೂಢಿ. ಬೇರೆ ಅನೇಕ ಉಪಕರಣಗಳಲ್ಲಿ ಅದು ಧನ. ಅದಲುಬದಲಾದರೆ ಸರ್ಕ್ಯೂಟ್ ಸುಟ್ಟುಹೋಗಬಹುದು.

ಪ್ರೋಗ್ರಾಮಿಂಗ್: ಮೊದಲು ಪ್ರತಿ ತಂತಿಯ ಸೂಕ್ಷ್ಮತೆಯನ್ನು ಹೊಂದಿಸಬೇಕು. ಅದು ಹೆಚ್ಚಾದರೆ ಬೆರಳು ತಾಕಿದ್ದಕ್ಕೂ ಸ್ವರ ಹೊರಡುತ್ತದೆ, ಕಡಿಮೆಯಾದರೆ ಮೆಲ್ಲಗೆ ಮೀಟಿದ್ದು ದಾಖಲಾಗದು. ಬಳಿಕ ಆರು ತಂತಿಗಳಿಗೆ ಆರು ಮಿಡಿ ಚಾನೆಲ್ ಕೊಡಬೇಕು. ಎಲ್ಲವೂ ಒಂದೇ ಚಾನೆಲ್ಲಿನಲ್ಲಿದ್ದರೆ ಒಂದು ತಂತಿಯನ್ನು ಎಳೆದಾಗ ಉಳಿದವುಗಳ ಶ್ರುತಿಯೂ ಜಾರುತ್ತದೆ.

ಕರ್ನಾಟಕ ಸಂಗೀತ ನುಡಿಸುವವರಿಗೆ ಪಿಚ್‌ಬೆಂಡ್, ಅಂದರೆ ಸ್ವರವನ್ನು ಏರಿಳಿಸುವ ಮಿಡಿ ಸಂದೇಶದ ಹೊಂದಾಣಿಕೆಯೇ ಮುಖ್ಯ. ಸ್ವರಗಳನ್ನು ಹತ್ತಿರದ ಸ್ವರಸ್ಥಾನಕ್ಕೆ ಕೂರಿಸುವ ಸೌಲಭ್ಯ ಚಾಲೂ ಇದ್ದರೆ ಗಮಕವೆಲ್ಲ ಮೆಟ್ಟಿಲುಮೆಟ್ಟಿಲಾಗಿ ಕೇಳುತ್ತದೆ, ಆ ಸೌಲಭ್ಯವನ್ನು ನಿಲ್ಲಿಸಬೇಕು. ಪಿಚ್‌ಬೆಂಡ್‌ನಲ್ಲಿ 16,384 ಹಂತಗಳಿದ್ದು, ಅವು ಎಷ್ಟು ಅಂತರಕ್ಕೆ ಹರಡಬೇಕೆಂಬುದನ್ನು ಸಿಂಥಸೈಜರ್ ನಿರ್ಧರಿಸುತ್ತದೆ. ಸಾಮಾನ್ಯವಾಗಿ ಅದು ಮೇಲೆ ಕೆಳಗೆ ಎರಡೆರಡು ಸ್ವರಸ್ಥಾನ. ಈ ಅಂತರ ನಿಯಂತ್ರಕದಲ್ಲಿ 12, ಸಿಂಥಸೈಜರಿನಲ್ಲಿ 2 ಎಂದಿದ್ದರೆ, ಷಡ್ಜದಿಂದ ಚತುಶ್ರುತಿ ರಿಷಭಕ್ಕೆ ಎಳೆದದ್ದು ಒಂದು ಸ್ವರಸ್ಥಾನದ ಮೂರನೇ ಒಂದು ಭಾಗದಷ್ಟೇ ಏರುತ್ತದೆ. ಎರಡೂ ಕಡೆ ಒಂದೇ ಸಂಖ್ಯೆ ಇರಬೇಕು. ಉದ್ದನೆಯ ಜಾರುಗಳಿಗೆ 12 ಅಥವಾ 24 ಅನುಕೂಲ. ಗಿಟಾರಿಸ್ಟ್ ಜಾನ್ ಮೆಕ್‌ಲಾಫ್ಲಿನ್ ಚೆನ್ನೈಯಲ್ಲಿ ಭಾರತೀಯ ವಾದಕರೊಡನೆ ಧ್ವನಿಮುದ್ರಿಸಿ 2008ರಲ್ಲಿ ಹೊರತಂದ ‘ಫ್ಲೋಟಿಂಗ್ ಪಾಯಿಂಟ್’ ಆಲ್ಬಮ್‌ನಲ್ಲಿ ಗಿಟಾರ್ ಸಿಂಥಸೈಜರಿನ ಬಳಕೆಯನ್ನು ಕೇಳಬಹುದು.

ಕೊನೆಯದು ಶ್ರುತಿ. ಬೆಂಗಳೂರಿನ ಇಂಜಿನಿಯರ್ ಹಾಗೂ ಕೊಳಲುವಾದಕ ಜಿ. ರಾಜ್‌ನಾರಾಯಣ್ 1979ರ ಸುಮಾರಿಗೆ ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿಯಂಥ ಉಪಕರಣಗಳಲ್ಲಿ ಗುಂಡಿ ತಿರುಗಿಸಿ ಶ್ರುತಿಯನ್ನು ಬೇಕಾದಲ್ಲಿ ನಿಲ್ಲಿಸಬಹುದು. ಮಿಡಿ ಸ್ವರಸಂಖ್ಯೆಯಾದರೋ ಪೂರ್ಣಾಂಕ. ಹೀಗಾಗಿ ತಂಬೂರಿ ಎರಡು ಸ್ವರಸ್ಥಾನಗಳ ನಡುವೆ ನಿಂತಿದ್ದರೆ ಗಿಟಾರಿನ ತಂತಿಯನ್ನಲ್ಲದೆ ಸಿಂಥಸೈಜರಿನ ಸೂಕ್ಷ್ಮ ಶ್ರುತಿಯನ್ನೂ ಅದಕ್ಕೆ ಕೂಡಿಸಬೇಕು. ಈ ಹೊಂದಾಣಿಕೆಗಳನ್ನೆಲ್ಲ ಒಟ್ಟಾಗಿ ಒಂದು ‘ಪ್ಯಾಚ್’ ಆಗಿ ಉಳಿಸಿಟ್ಟರೆ ಕಛೇರಿಯಲ್ಲಿ ಒಂದೇ ಗುಂಡಿಯಿಂದ ಕರೆದುಕೊಳ್ಳಬಹುದು.