ಮೂವತ್ತು ರೂಪಾಯಿಯ ಕಾವೇರಿ

ಹಳೆಯ ಸಿನಿಮಾ ಅಗ್ಗದ ಡಿಸ್ಕಿನಲ್ಲಿ ಮತ್ತೆ ಮಾರಾಟಕ್ಕೆ ಬಂದಾಗ ಎರಡು ಬಗೆಯ ಮಾತು ಕೇಳಿಬರುತ್ತದೆ. ‘ಇಷ್ಟು ಕಡಿಮೆಗೆ ಸಿಕ್ಕಿತಲ್ಲ, ಸಾಕು’ ಎನ್ನುವವರು ಕೆಲವರು. ‘ಮೂವತ್ತು ರೂಪಾಯಿಗೆ ಇನ್ನೇನು ಬಂದೀತು’ ಎಂದು ಮೂಗು ಮುರಿಯುವವರು ಕೆಲವರು. ಎರಡು ಮಾತೂ ನನಗೆ ಒಪ್ಪಿಗೆಯಿಲ್ಲ. ಏಕೆಂಬುದನ್ನು ‘ಶರಪಂಜರ’ದ ಮೂಲಕವೇ ಹೇಳಬೇಕು.

ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು 1971ರಲ್ಲಿ ತೆರೆಗೆ ತಂದರು. ಬಾಣಂತನದಲ್ಲಿ ಮನಸ್ಸಿನ ಕಾಯಿಲೆಗೆ ತುತ್ತಾಗಿ, ವಾಸಿಯಾಗಿ ಮನೆಗೆ ಮರಳುವ ಕಾವೇರಿಯ ಕಥೆ ಅದು. ಕಾಯಿಲೆ ಹೋದರೂ ಮನೆಯವರ ಅನುಮಾನ ಹೋಗುವುದಿಲ್ಲ. ಅವಳು ನಕ್ಕರೂ ಹುಚ್ಚು, ಅತ್ತರೂ ಹುಚ್ಚು. ನಿಮ್ಹಾನ್ಸ್ ಎಂಬ ಹೆಸರು ಬಂದದ್ದು 1974ರಲ್ಲಿ. ಅದಕ್ಕೆ ಮೊದಲೂ ಎಷ್ಟೋ ಕಾಲ ಆಮೇಲೂ ನಮ್ಮ ಕಡೆಯವರ ಬಾಯಲ್ಲಿ ಅದು ಹುಚ್ಚಾಸ್ಪತ್ರೆಯೇ. ಈ ಕಥೆ ಬರೆದ ತ್ರಿವೇಣಿಯವರು 1963ರಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಕಾವೇರಿಯಾಗಿ ನಟಿಸಿದ ಕಲ್ಪನಾ 1979ರಲ್ಲಿ ಹೋದರು.

ನಮ್ಮಮ್ಮ ಇದನ್ನು ಶ್ರೀನಿವಾಸಪುರದ ಟೆಂಟಿನಲ್ಲಿ ನೋಡಿದ್ದರು. ಅಕ್ಕಪಕ್ಕದ ಹೆಂಗಸರೆಲ್ಲ ಒಟ್ಟಿಗೆ ಹೋಗಿ, ಬರುವಾಗ ದಾರಿಯುದ್ದಕ್ಕೂ ಯಾರೂ ಮಾತಾಡಲಿಲ್ಲವಂತೆ. ಮುಂದೆ ದೂರದರ್ಶನದಲ್ಲಿ ಬಂದಾಗ ಮನೆಯವರೆಲ್ಲರ ನಡುವೆ, ಕಾಫಿ ಕೊಡಲು ಎದ್ದು ಕೂತು ನೋಡಬೇಕಿತ್ತು. ಹೆಣ್ಣೊಬ್ಬಳು ಈ ಚಿತ್ರವನ್ನು ಒಬ್ಬಳೇ ನೋಡುವಂತಾದದ್ದು ಡಿಸ್ಕ್ ಅಗ್ಗವಾದ ಮೇಲೆಯೇ. 2007ರಲ್ಲಿ ಮೋಸರ್ ಬೇರ್ ಕಂಪನಿ ವಿಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿ ಎಂದು ಬೆಲೆ ಇಟ್ಟಿತು. ನಾನು ಕೋಲಾರದ ಬಸ್ ಸ್ಟ್ಯಾಂಡಿನ ಹತ್ತಿರ ಮೂವತ್ತು ರೂಪಾಯಿಗೆ ಕೊಂಡದ್ದು ಬೇರೊಂದು ಕಂಪನಿಯದು. ಅದು ಮಾಲೂರಿನ ನನ್ನ ಸಹೋದ್ಯೋಗಿಯ ಮನೆಗೂ ಮುಳಬಾಗಿಲಿನ ನಮ್ಮ ಚಿಕ್ಕಮ್ಮನ ಬೀದಿಗೂ ಹೋಗಿ ಬಂತು. ಮಕ್ಕಳು ಸ್ಕೂಲಿಗೆ, ಗಂಡಸರು ಕೆಲಸಕ್ಕೆ ಹೋದ ಮೇಲೆ ಬಾಗಿಲು ಹಾಕಿಕೊಂಡು ನೋಡಿದವರೇ ಎಲ್ಲರೂ. ಈ ಉಪಕಾರವನ್ನು ನಾನು ಕಡಿಮೆಯೆಂದು ಹೇಳಲಾರೆ.

ಇನ್ನು ಡಿಸ್ಕಿನ ಗುಣ. ವಿಸಿಡಿಯ ಚಿತ್ರದಲ್ಲಿ ಸುಮಾರು 1 ಲಕ್ಷ ಚುಕ್ಕಿಗಳು. ಡಿವಿಡಿಯಲ್ಲಿ ಸುಮಾರು 4 ಲಕ್ಷ. ಬ್ಲೂ-ರೇಯಲ್ಲಿ 20 ಲಕ್ಷಕ್ಕೂ ಮಿಗಿಲು. ಆದ್ದರಿಂದ ವಿಸಿಡಿ ಮಸುಕಾಗಿರುವುದು ಸಹಜ, ಅದನ್ನು ಕ್ಷಮಿಸಬಹುದು. ಬಣ್ಣ ಕೆಂಪಗೆ ತಿರುಗಿದ್ದರೂ ಆಶ್ಚರ್ಯವಿಲ್ಲ. ಆ ಕಾಲದ ಈಸ್ಟ್‌ಮನ್ ಕಲರ್ ಪ್ರತಿಗಳಲ್ಲಿ ಉಳಿದ ಬಣ್ಣ ಮಾಸಿ ಕೆಂಪೇ ನಿಲ್ಲುತ್ತದೆ. ಕೊಡಗಿನ ಹಸಿರು ನನ್ನ ಡಿಸ್ಕಿನಲ್ಲಿ ಇಟ್ಟಿಗೆಯ ಬಣ್ಣಕ್ಕೆ ಬಂದಿತ್ತು. ಮುಖಗಳು ಅಡ್ಡಕ್ಕೆ ಊದಿದಂತೆ ಕಂಡರೆ ಡಿಸ್ಕನ್ನು ಬೈಯಬೇಡಿ. ಕನ್ನಡದಲ್ಲಿ ಸಿನಿಮಾಸ್ಕೋಪ್ ಬಂದದ್ದು 1977ರಲ್ಲಿ, ‘ಸೊಸೆ ತಂದ ಸೌಭಾಗ್ಯ’ದಿಂದ. ಅದಕ್ಕೆ ಹಿಂದಿನ ಚಿತ್ರಗಳ ಚೌಕಟ್ಟು ಅಷ್ಟು ಅಗಲವಲ್ಲ. ಟಿವಿಯಲ್ಲಿ 4:3 ಎಂದು ಬದಲಾಯಿಸಿಕೊಂಡರೆ ಸರಿಹೋಗುತ್ತದೆ.

ಕ್ಷಮಿಸಲಾಗದ್ದು ಕತ್ತರಿ. ಸೆನ್ಸಾರ್ ಸರ್ಟಿಫಿಕೇಟಿನಲ್ಲಿ ಚಿತ್ರದ ಉದ್ದ ಮೀಟರಿನಲ್ಲಿರುತ್ತದೆ. ಅದನ್ನು 27ರಿಂದ ಭಾಗಿಸಿದರೆ ಹೆಚ್ಚುಕಡಿಮೆ ನಿಮಿಷಗಳ ಲೆಕ್ಕ ಸಿಗುತ್ತದೆ. ಸೆಕೆಂಡಿಗೆ 24 ಚಿತ್ರ ಓಡುವುದನ್ನು ಕೆಲವು ಡಿಸ್ಕುಗಳು 25 ಓಡಿಸುವುದರಿಂದ ನೂರಕ್ಕೆ ನಾಲ್ಕರಷ್ಟು ಸಮಯ ಕಡಿಮೆಯಾಗಬಹುದು. ಅದಕ್ಕಿಂತ ಹೆಚ್ಚು ಕಡಿಮೆಯಿದ್ದರೆ ಕತ್ತರಿ ಆಡಿದೆ ಎಂದೇ ಅರ್ಥ. ನನ್ನ ಡಿಸ್ಕಿನಲ್ಲಿ ಸರ್ಟಿಫಿಕೇಟೇ ಇರಲಿಲ್ಲ. ಹಾಡುಗಳು ಪೂರ್ತಿಯಾಗಿದ್ದವು. ತುಂಡಾಗಿದ್ದದ್ದು ಆಸ್ಪತ್ರೆಯಿಂದ ಬಂದ ಕಾವೇರಿ ಮಾತಿಲ್ಲದೆ ಮನೆಯವರ ಮುಖ ನೋಡುವ ಕಡೆಗಳು. ಎರಡು ಡಿಸ್ಕಿನೊಳಗೆ ಹಿಡಿಸಬೇಕಾದಾಗ ‘ಏನೂ ನಡೆಯುತ್ತಿಲ್ಲ’ ಎಂದು ಕಂಡಿದ್ದು ಅದೇ ಇರಬೇಕು. ಆದರೆ ಚಿತ್ರ ಇರುವುದೇ ಅಲ್ಲಿ. ಮನೆಯಲ್ಲಿ ಅವಳ ಮಾತಿಗೆ ಬೆಲೆಯಿಲ್ಲ ಎಂಬುದೇ ಕಥೆ; ಡಿಸ್ಕಿನಲ್ಲಿ ಅವಳ ಮೌನಕ್ಕೂ ಬೆಲೆಯಿಲ್ಲದಂತಾಯಿತು.

ಹಳೆಯ ಚಿತ್ರವನ್ನು ಮರ್ಯಾದೆಯಿಂದ ತರುವುದು ನಮ್ಮಲ್ಲಿ ಆಗದ ಕೆಲಸವೇನಲ್ಲ. ಪುಟ್ಟಣ್ಣನವರದೇ ‘ನಾಗರಹಾವು’ (1972) 2018ರಲ್ಲಿ ಡಿಜಿಟಲ್ ರೂಪದಲ್ಲಿ ಮತ್ತೆ ಚಿತ್ರಮಂದಿರಕ್ಕೆ ಬಂತು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು (1977) ಮೂಲ ನೆಗೆಟಿವ್‌ನಿಂದಲೇ ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅದೂ ಮನೆಯಿಂದ ಹೊರಬಿದ್ದ ಹೆಣ್ಣಿನ ಕಥೆಯೇ.

ಈಗ ಡಿಸ್ಕ್ ಅಂಗಡಿಗಳು ಮುಚ್ಚಿವೆ. ಆದರೆ ಅಂಥ ಡಿಸ್ಕುಗಳಿಂದ ತೆಗೆದ ಪ್ರತಿಗಳೇ ಮೊಬೈಲಿಗೆ ಹತ್ತಿ ಕೂತಿವೆ. ನಮ್ಮ ಹೆಣ್ಣುಮಕ್ಕಳು ಅದನ್ನೇ ಪೂರ್ತಿ ‘ಶರಪಂಜರ’ ಎಂದು ತಿಳಿಯುತ್ತಾರೆ. ಅಗ್ಗವಾಗಿ ಕೊಡಲಿ, ಮಸುಕಾಗಿಯೇ ಕೊಡಲಿ, ಸಂತೋಷ. ಕಾವೇರಿಯನ್ನು ಮಾತ್ರ ಇಡಿಯಾಗಿ ಕೊಡಲಿ.